ಉಪ್ಪಿನಕುದ್ರುವಿಗೆ ಗೊಂಬೆಯಾಟ ನೋಡಲು ಹೋಗುವವರಿಗೆ

ಕುಂದಾಪುರದ ಕಡೆ ಯಕ್ಷಗಾನಕ್ಕೆ ‘ಆಟ’ ಎಂದೇ ಹೆಸರು. ‘ಆಟ ಕಾಂಬುಕೆ ಹ್ವಾಪ’ (ಆಟ ನೋಡಲು ಹೋಗೋಣ) ಎಂದು ಯಾರಾದರೂ ಕರೆದರೆ ಯಾವ ಆಟ ಎಂದು ಮರುಪ್ರಶ್ನೆ ಬರುವುದಿಲ್ಲ. ಅದೇ ಆಟವನ್ನು ಒಂದೂವರೆ ಎರಡು ಅಡಿ ಎತ್ತರದ ಮರದ ಗೊಂಬೆಗಳು ಆಡಿದರೆ ಅದು ಯಕ್ಷಗಾನ ಗೊಂಬೆಯಾಟ. ಅಲ್ಲೂ ಪದ್ಯ ಹಾಡುವ ಭಾಗವತರಿದ್ದಾರೆ, ಮದ್ದಳೆ ಚಂಡೆ ಇವೆ, ಪದ್ಯ, ಮಾತು, ಕುಣಿತ, ಯುದ್ಧ ಎಲ್ಲವೂ ಇವೆ. ರಂಗದ ಮೇಲೆ ಮನುಷ್ಯ ಮಾತ್ರ ಕಾಣುವುದಿಲ್ಲ.

ನಾನು ಮೊದಲ ಸಲ ನೋಡಿದಾಗ ದಾರ ಎಲ್ಲಿ ಕಾಣುತ್ತದೆ, ಯಾವ ದಾರ ಎಳೆದರೆ ಯಾವ ಕೈ ಏಳುತ್ತದೆ ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಕಳೆದಿತ್ತು. ಎರಡನೇ ಸಲ ಅಕ್ಕನ ಮಗಳು ಜೊತೆಗಿದ್ದಳು, ಏಳು ವರ್ಷದವಳು. ಭಾಗವತರ ದನಿ ಏಳುತ್ತಿದ್ದಂತೆ ಅವಳ ಕಾಲು ತನ್ನಷ್ಟಕ್ಕೆ ತಾಳ ಹಾಕತೊಡಗಿತು. ಅವಳು ತಲೆಯೆತ್ತಿ ಗೊಂಬೆ ನೋಡಿದ್ದು ಆಮೇಲೆ. ಅವತ್ತಿನಿಂದ ನಾನೂ ಹಾಗೆಯೇ ನೋಡುತ್ತೇನೆ, ಮೊದಲು ಕಿವಿ, ನಂತರ ಕಣ್ಣು. ಗೊಂಬೆಯಾಟಕ್ಕೆ ಮೊದಲ ಬಾರಿ ಹೊರಟವರಿಗಾಗಿ, ಅದರಲ್ಲೂ ಮಕ್ಕಳನ್ನು ಕರೆದುಕೊಂಡು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಯಾವ ಗೊಂಬೆಯಾಟ ಎಂಬುದು ಮೊದಲು ತಿಳಿದಿರಲಿ

ಕರ್ನಾಟಕದಲ್ಲಿ ಗೊಂಬೆಯಾಟ ಒಂದೇ ಬಗೆಯದಲ್ಲ. ಕರಾವಳಿಯಲ್ಲಿ ಬರೀ ಸೂತ್ರದ ಗೊಂಬೆ, ದಾರದಿಂದಲೇ ಆಡಿಸುವುದು. ಹಳೇ ಮೈಸೂರು ಕಡೆಯದು ಸೂತ್ರ ಸಲಾಕೆಯ ಗೊಂಬೆ. ಗೊಂಬೆಯ ಭಾರ ಹೊರುವ ದಾರಗಳು ಆಡಿಸುವವರ ತಲೆಯ ಮೇಲಿನ ಸಿಂಬಿಗೆ ಕಟ್ಟಿರುತ್ತವೆ, ಗೊಂಬೆಯ ಕೈಗಳನ್ನು ಸಲಾಕೆಯಿಂದ ಆಡಿಸುತ್ತಾರೆ. ಅಲ್ಲಿ ಗೊಂಬೆ ತಲೆ ತಿರುಗಿಸಿದರೆ ಹಿಂದೆ ಮನುಷ್ಯನೂ ತಲೆ ತಿರುಗಿಸಿದ್ದಾನೆ ಎಂದೇ ಅರ್ಥ. ಉತ್ತರ ಕರ್ನಾಟಕದಿಂದ ಹಳೇ ಮೈಸೂರಿನವರೆಗೂ ಹರಡಿರುವುದು ತೊಗಲು ಗೊಂಬೆ. ಬಣ್ಣ ಹಾಕಿ ತೂತು ಕೊರೆದ ತೊಗಲಿನ ಗೊಂಬೆಯನ್ನು ಬಿಳಿ ಪರದೆಗೆ ಒತ್ತಿ ಹಿಡಿದು, ಹಿಂದಿನಿಂದ ಬೆಳಕು ಬಿಟ್ಟು ಕತೆ ಹಾಡುತ್ತಾರೆ. ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಈ ಕಲೆಗಾಗಿ.

ಮೂರರಲ್ಲೂ ಹಾಡು ಉಂಟು, ಹಾಡಿಲ್ಲದ ಗೊಂಬೆಯಾಟ ನಮ್ಮಲ್ಲಿಲ್ಲ. ಆದರೆ ಮಗುವನ್ನು ಮೊದಲ ಸಲ ಕರೆದೊಯ್ಯುವುದಾದರೆ ನಾನು ಕುಂದಾಪುರದ ಹತ್ತಿರದ ಉಪ್ಪಿನಕುದ್ರುವನ್ನೇ ಹೇಳುತ್ತೇನೆ. ಅಲ್ಲಿ ಗೊಂಬೆಗೆಂದೇ ಕಟ್ಟಿದ ರಂಗಮಂದಿರವಿದೆ. ಗೊಂಬೆಗಳು ಕಟ್ಟುವುದು ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ವೇಷ, ಹಾಡು ವಾದ್ಯಗಳ ಹಿಮ್ಮೇಳದ ಪದ್ಧತಿಯೂ ಬಡಗಿನದೇ. ಯಕ್ಷಗಾನ ನೋಡಿ ಅಭ್ಯಾಸವಿರುವ ಅಜ್ಜ ಅಜ್ಜಿಗೂ, ಗೊಂಬೆ ಎಂದರೆ ಕಣ್ಣರಳಿಸುವ ಮೊಮ್ಮಗುವಿಗೂ ಒಟ್ಟಿಗೇ ಹಿಡಿಸುವ ಆಟ ಅದು.

ಉಪ್ಪಿನಕುದ್ರುವಿನ ಕಾಮತ್ ಮನೆತನ ತಲೆಮಾರುಗಳಿಂದ ಇದನ್ನು ನಡೆಸಿಕೊಂಡು ಬಂದಿದೆ. ಶ್ರೀ ಗಣೇಶ ಯಕ್ಷಗಾನ ಗೊಂಬೆಯಾಟ ಮಂಡಳಿ ಅವರದು. ದೇವಣ್ಣ ಪದ್ಮನಾಭ ಕಾಮತರ ಮಗ ಕೊಗ್ಗ ಕಾಮತರು ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಪಡೆದವರು, ಊರ ಕಲೆಯನ್ನು ಹೊರನಾಡಿಗೆ ತೋರಿಸಿದವರು. ಈಗ ಮಂಡಳಿಯನ್ನು ಮುನ್ನಡೆಸುತ್ತಿರುವವರು ಅವರ ಮಗ ಭಾಸ್ಕರ ಕೊಗ್ಗ ಕಾಮತರು.

ದಿನ ಗೊತ್ತುಮಾಡಿಕೊಂಡೇ ಹೊರಡಿ

ಸಿನಿಮಾದಂತೆ ದಿನಕ್ಕೆ ನಾಲ್ಕು ಆಟ ಇಲ್ಲಿಲ್ಲ. ಮಂಡಳಿ ಊರೂರು ಸುತ್ತುತ್ತದೆ, ಪರದೇಶಕ್ಕೂ ಹೋಗುತ್ತದೆ. ಆದ್ದರಿಂದ ಕೊಲ್ಲೂರಿಗೋ ಮುರ್ಡೇಶ್ವರಕ್ಕೋ ಹೋಗುವ ದಾರಿಯಲ್ಲಿ ಹಾಗೇ ಇಳಿದು ನೋಡಿಬಿಡೋಣ ಎಂದುಕೊಂಡರೆ ಬಾಗಿಲು ಹಾಕಿರಬಹುದು. ಮುಂಚಿತವಾಗಿ ಫೋನ್ ಮಾಡಿ ನಾಲ್ಕು ವಿಷಯ ಕೇಳಿಕೊಳ್ಳಿ. ಯಾವತ್ತು ಆಟ, ಎಷ್ಟು ಹೊತ್ತಿಗೆ ಶುರು, ಯಾವ ಪ್ರಸಂಗ, ಹಿಮ್ಮೇಳ ಎದುರಿಗೇ ಕೂತು ಹಾಡುತ್ತದೆಯೇ. ಕೊನೆಯದನ್ನು ಬಿಡಬೇಡಿ. ಎಲ್ಲಿಯ ಗೊಂಬೆಯಾಟವೇ ಆಗಲಿ, ಧ್ವನಿಮುದ್ರಿತ ಹಾಡಿಗೆ ಗೊಂಬೆ ಕುಣಿಸುವುದಕ್ಕೂ ಎದುರಿಗೆ ಭಾಗವತರು ಹಾಡಿ ಕುಣಿಸುವುದಕ್ಕೂ ತುಂಬಾ ವ್ಯತ್ಯಾಸವಿದೆ. ಗೊಂಬೆಯ ಕಾಲು ಒಂದು ಹೆಜ್ಜೆ ಹಿಂದೆ ಬಿದ್ದರೆ ಎದುರಿಗಿರುವ ಭಾಗವತರು ಕಾಯುತ್ತಾರೆ. ಮುದ್ರಣದ ಹಾಡಿಗೆ ಕಾಯಲು ಬರುವುದಿಲ್ಲ.

ಹತ್ತಿಪ್ಪತ್ತು ಜನರ ಬಳಗ, ಶಾಲೆಯ ಮಕ್ಕಳ ತಂಡ ಎಂದಾದರೆ ಇನ್ನೂ ಮುಂಚೆ ಮಾತಾಡಿ. ಮಳೆಗಾಲವೆಂದು ಹಿಂಜರಿಯಬೇಡಿ. ಬಯಲಾಟದ ಮೇಳಗಳು ತಿರುಗಾಟ ನಡೆಸುವುದು ನವೆಂಬರಿನಿಂದ ಮೇವರೆಗೆ, ಮಳೆ ಹಿಡಿದರೆ ಬಯಲಲ್ಲಿ ಆಟವಿಲ್ಲ. ಗೊಂಬೆಯಾಟಕ್ಕೆ ಮಾಡು ಇದೆಯಲ್ಲ! ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಒಳಗೆ ಕೂತು ಮದ್ದಳೆ ಕೇಳುವ ಸುಖವೇ ಬೇರೆ. ಮಳೆಯಲ್ಲಿ ಹೋಗುವವರು ಕರಾವಳಿಯ ರಸ್ತೆಯೆಂದು ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಂಡರೆ ಸಾಕು.

ದಾರಿ

ಕುದ್ರು ಎಂದರೆ ನದಿಯ ನಡುಗಡ್ಡೆ. ಉಪ್ಪಿನಕುದ್ರು ಇರುವುದು ಕುಂದಾಪುರದ ಉತ್ತರಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಬೈಂದೂರು ಕಡೆಗೆ ಹೊರಟರೆ ತಲ್ಲೂರು ಸಿಗುತ್ತದೆ, ಅಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಉಡುಪಿಯಿಂದ ಕುಂದಾಪುರಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ, ಬಸ್ಸುಗಳಿಗೆ ಬರವಿಲ್ಲ. ಬೆಂಗಳೂರಿನಿಂದ ಬರುವವರಿಗೆ ರಾತ್ರಿ ಬಸ್ಸುಗಳಿವೆ, ಕಾರವಾರಕ್ಕೆ ಹೋಗುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲೂ ಕುಂದಾಪುರದಲ್ಲಿ ನಿಲ್ಲುತ್ತದೆ. ನಿಲ್ದಾಣ ಇರುವುದು ಪೇಟೆಯೊಳಗಲ್ಲ, ಮೂಡ್ಲಕಟ್ಟೆಯಲ್ಲಿ. ಅಲ್ಲಿಂದ ರಿಕ್ಷಾ ಹಿಡಿಯಬೇಕು.

ಆಟ ಮುಗಿಯುವಾಗ ಕತ್ತಲಾಗಿದ್ದರೆ ಒಳಗಿನ ಊರಿನಿಂದ ಹೆದ್ದಾರಿಗೆ ಬರಲು ವಾಹನ ಸಿಗದೆ ಹೋಗಬಹುದು. ಬಂದ ರಿಕ್ಷಾದವರನ್ನೇ ಹಿಂದಕ್ಕೂ ಬರಲು ಹೇಳಿ ಗೊತ್ತುಮಾಡಿಕೊಳ್ಳಿ. ಸಾಧ್ಯವಾದರೆ ಬೆಳಕಿರುವಾಗಲೇ ಊರು ತಲುಪಿ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ನದಿಗಳು ಗಂಗೊಳ್ಳಿಯ ಅಳಿವೆಯಲ್ಲಿ ಸಮುದ್ರ ಸೇರುವ ಸೀಮೆ ಇದು. ಹಿನ್ನೀರು, ತೆಂಗು, ದೋಣಿ ನೋಡಿಕೊಂಡು ಹೋದ ಮನಸ್ಸಿಗೆ ಒಳಗಿನ ಚಿಕ್ಕ ರಂಗ ಬೇಗ ಒಗ್ಗುತ್ತದೆ.

ಹಿಂದಿನ ರಾತ್ರಿಯೇ ಕತೆ ಹೇಳಿ, ಅರ್ಧ ಮಾತ್ರ

ಇದೇ ಅತಿ ಮುಖ್ಯವಾದ ತಯಾರಿ. ಯಕ್ಷಗಾನದ ಪದ್ಯದಲ್ಲಿ ನಡುಗನ್ನಡದ ಮಾತು ಬರುತ್ತದೆ, ಎಳೆದು ಹಾಡುವಾಗ ಪದ ಒಡೆಯುತ್ತದೆ. ನಗರದಲ್ಲಿ ಬೆಳೆದ ಮಗುವಿಗೆ ಕಿವಿಗೆ ಬಿದ್ದದ್ದೆಲ್ಲ ಅರ್ಥವಾಗುವುದಿಲ್ಲ. ಕತೆ ಗೊತ್ತಿದ್ದರೆ ಅದು ತೊಡಕಾಗುವುದೇ ಇಲ್ಲ, ಪದ್ಯದ ಹಿಂದೆಯೇ ಬರುವ ಮಾತಿನಲ್ಲಿ ಅರ್ಥ ಸಿಕ್ಕಿಬಿಡುತ್ತದೆ.

ಈ ಮಂಡಳಿಯ ಹೆಸರಾಂತ ಪ್ರಸಂಗಗಳಲ್ಲಿ ‘ಲಂಕಾದಹನ’ ಒಂದು. ಹನುಮಂತ ಕಡಲು ಹಾರಿದ್ದು, ಅಶೋಕವನದಲ್ಲಿ ಸೀತೆಯನ್ನು ಕಂಡು ಉಂಗುರ ಕೊಟ್ಟದ್ದು, ಅವಳು ಚೂಡಾಮಣಿ ಕೊಟ್ಟು ಕಳಿಸಿದ್ದು, ಇಷ್ಟನ್ನು ಮಲಗುವಾಗ ಹೇಳಿ. ರಾವಣನ ಸಭೆಗೆ ಹನುಮಂತನನ್ನು ಕಟ್ಟಿ ತರುವಲ್ಲಿಗೆ ನಿಲ್ಲಿಸಿ. ‘ಆಮೇಲೆ?’ ಎಂದು ಮಗು ಕೇಳಿದರೆ ‘ನಾಳೆ ಗೊಂಬೆ ಹೇಳುತ್ತದೆ’ ಎನ್ನಿ. ಮಾರನೆಯ ದಿನ ಅದು ರಂಗದಿಂದ ಕಣ್ಣು ಕೀಳುವುದಿಲ್ಲ.

ಒಂದು ಯಕ್ಷಗಾನದ ಪದ್ಯವನ್ನಾದರೂ ಮನೆಯಲ್ಲಿ ಮೊದಲೇ ಕೇಳಿಸಿ, ಅಡುಗೆ ಮಾಡುವಾಗಲೋ ಗಾಡಿಯಲ್ಲಿ ಹೋಗುವಾಗಲೋ. ಆ ಏರುದನಿ ಹೊಸದಾಗಿ ಕೇಳಿದವರಿಗೆ ಕಿರುಚಿದಂತೆ ಅನಿಸುವುದುಂಟು. ಎರಡನೇ ಸಲ ಕೇಳುವಾಗ ಹಾಗನ್ನಿಸುವುದಿಲ್ಲ. ಆ ಮೊದಲ ಸಲ ರಂಗಮಂದಿರದಲ್ಲಿ ಆಗದಿರಲಿ ಎಂದಷ್ಟೇ ನನ್ನ ಆಸೆ.

ಎಷ್ಟು ವಯಸ್ಸಿನ ಮಕ್ಕಳು? ನನ್ನ ಅನುಭವದಲ್ಲಿ ಐದು ವರ್ಷದ ಮೇಲಿನವರು ನೆಮ್ಮದಿಯಾಗಿ ಕೂರುತ್ತಾರೆ. ಅದಕ್ಕಿಂತ ಚಿಕ್ಕವರಿಗೆ ಚಂಡೆಯ ಸದ್ದು, ಕತ್ತಲು, ರಾಕ್ಷಸರ ಬಣ್ಣ ಮೂರೂ ಒಟ್ಟಿಗೆ ಬಂದರೆ ಭಯವಾಗಬಹುದು. ಅಂಥ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲ ಹತ್ತಿರದ ಜಾಗ ಹಿಡಿಯಿರಿ. ಅತ್ತರೆ ಹೊರಗೆ ಕರೆತನ್ನಿ, ಸಮಾಧಾನವಾದ ಮೇಲೆ ಮತ್ತೆ ಒಳಗೆ ಹೋಗಿ.

ಎಲ್ಲಿ ಕೂರಬೇಕು

ಎಲ್ಲರೂ ಮೊದಲ ಸಾಲಿಗೆ ಓಡುತ್ತಾರೆ. ಚಿಕ್ಕ ಮಕ್ಕಳಾದರೆ ಸರಿ, ಅವರ ಎತ್ತರಕ್ಕೆ ಅದೇ ಸರಿಯಾದ ಜಾಗ. ದೊಡ್ಡವರು ಎರಡು ಮೂರು ಸಾಲು ಹಿಂದೆ, ನಡುವೆ ಕೂರಿ. ನಿಮ್ಮ ಕಣ್ಣು ಗೊಂಬೆಯ ಕಾಲಿನ ಮಟ್ಟಕ್ಕೆ ಬರುವಂತಿದ್ದರೆ ಬಹಳ ಒಳ್ಳೆಯದು. ಸೂತ್ರದ ಗೊಂಬೆಯನ್ನು ಆಡಿಸುವವರ ಕೈಚಳಕ ಕಾಣುವುದು ಗೊಂಬೆಯ ಪಾದದಲ್ಲಿ. ಕೈ ಬೀಸುವುದು, ತಲೆ ಆಡಿಸುವುದು ಕಲಿತವರಿಗೆಲ್ಲ ಬರುತ್ತದೆ. ಗೊಂಬೆಯ ಪಾದ ನೆಲ ಮುಟ್ಟಬೇಕು, ಆದರೆ ಮಂಡಿ ಕುಸಿಯಬಾರದು. ನೆಲದಿಂದ ಒಂದು ಅಂಗುಲ ಮೇಲಾದರೆ ಅದು ತೂಗಾಡುತ್ತದೆ, ಒಂದು ಅಂಗುಲ ಕೆಳಗಾದರೆ ಕುಂಟುತ್ತದೆ. ಇದನ್ನು ತಾಳಕ್ಕೆ ಸರಿಯಾಗಿ, ಪರದೆಯ ಹಿಂದೆ ಬಗ್ಗಿ ನಿಂತು, ಮೇಲಿನಿಂದ ನೋಡುತ್ತಾ ಮಾಡಬೇಕು. ಹನುಮಂತ ದಾಪುಗಾಲಿಟ್ಟು ಬಂದು ಥಟ್ಟನೆ ನಿಂತಾಗ ಅವನ ಪಾದ ನೋಡಿ, ನಿಂತಿದೆಯೇ ನೇತಾಡುತ್ತಿದೆಯೇ ಎಂದು. ನಿಂತಿದ್ದರೆ ಆ ಕೈಗೆ ಒಂದು ಚಪ್ಪಾಳೆ ಸಲ್ಲಲೇಬೇಕು.

ಒಮ್ಮೆ ಬೇರೊಂದು ಊರಿನ ಸಭಾಂಗಣದಲ್ಲಿ ಧ್ವನಿವರ್ಧಕದ ಪಕ್ಕದಲ್ಲೇ ಕೂತು, ಆಟವಿಡೀ ಚಂಡೆ ಬಿಟ್ಟು ಬೇರೇನೂ ಕೇಳದೆ ಬಂದಿದ್ದೆ. ಆದ್ದರಿಂದ ಕೂರುವ ಮೊದಲು ಎರಡೂ ಬದಿಯ ಪೆಟ್ಟಿಗೆಗಳು ಎಲ್ಲಿವೆ ನೋಡಿಕೊಳ್ಳಿ. ಹಿಮ್ಮೇಳ ಕಾಣುವಂತೆ ಕೂತಿದ್ದರೆ ಭಾಗವತರ ಮುಖ ಕಾಣುವ ಜಾಗ ಆರಿಸಿ. ಅವರ ಕಣ್ಣು ಗೊಂಬೆಯ ಮೇಲೆಯೇ ಇರುತ್ತದೆ.

ತೊಗಲು ಗೊಂಬೆಗೆ ಹೋದರೆ ಲೆಕ್ಕ ಬೇರೆ. ಅಲ್ಲಿ ಪರದೆಯ ಮೇಲಿನ ಬಣ್ಣ ತಿಳಿಯಾಗಿ ಕಾಣಲು ನೇರ ಎದುರಿಗೆ, ತುಸು ದೂರದಲ್ಲಿ ಕೂರಬೇಕು. ಗೊಂಬೆಯ ಗಾತ್ರವನ್ನೂ ಗಮನಿಸಿ. ರಾಜರು, ದೇವರು ದೊಡ್ಡವರು, ಜನಸಾಮಾನ್ಯರು ಚಿಕ್ಕವರು. ಆಟದ ಮೊದಲಿಗೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ನಗಿಸುತ್ತವೆ. ಅದನ್ನು ತಪ್ಪಿಸಿಕೊಳ್ಳಬೇಡಿ.

ಆಟ ಶುರುವಾದ ಮೇಲೆ

ಹದಿನೈದು ನಿಮಿಷ ಮೊದಲೇ ಒಳಗಿರಿ. ಗಣಪತಿ ಸ್ತುತಿಯಿಂದ ಆರಂಭವಾಗುವ ಮೊದಲ ಭಾಗವನ್ನು ‘ಕತೆ ಇನ್ನೂ ಶುರುವಾಗಿಲ್ಲ’ ಎಂದು ಹೊರಗೆ ಚಹಾ ಕುಡಿಯುತ್ತಾ ಕಳೆಯುವವರಿದ್ದಾರೆ. ಅವರು ಕಳೆದುಕೊಳ್ಳುವುದು ಬಹಳ. ಆ ಹೊತ್ತಿನಲ್ಲಿ ಕಿವಿ ಮದ್ದಳೆಯ ನಾದಕ್ಕೆ ಹೊಂದಿಕೊಳ್ಳುತ್ತದೆ, ಕಣ್ಣು ಅಳತೆ ಮರೆಯುತ್ತದೆ. ಮೊದಮೊದಲು ರಂಗದ ಮೇಲಿರುವುದು ಎರಡಡಿಯ ಗೊಂಬೆ ಎಂದು ನಿಮಗೆ ಗೊತ್ತಿರುತ್ತದೆ. ಹತ್ತು ನಿಮಿಷ ಕಳೆದರೆ ಅವನು ರಾವಣ, ಅಷ್ಟೇ. ಆಟ ಮುಗಿದು ಆಡಿಸುವವರು ಪರದೆಯ ಹಿಂದಿನಿಂದ ಎದುರಿಗೆ ಬಂದು ನಿಂತಾಗ ಅವರೇ ದೈತ್ಯರಂತೆ ಕಾಣುತ್ತಾರೆ. ಆ ಕ್ಷಣಕ್ಕಾಗಿ ನಾನು ಪ್ರತಿ ಸಲವೂ ಕಾಯುತ್ತೇನೆ.

ಕೇಳುವುದು ಹೇಗೆ ಎಂದರೆ, ಮದ್ದಳೆಯನ್ನು ಹಿಡಿದುಕೊಳ್ಳಿ. ಬಡಗಿನ ಆಟದಲ್ಲಿ ಅದು ಪದ್ಯದುದ್ದಕ್ಕೂ ನಡೆಯುತ್ತದೆ. ಚಂಡೆ ಎಲ್ಲ ಕಡೆ ಬರುವುದಿಲ್ಲ, ವೀರ, ರೌದ್ರ, ಯುದ್ಧ ಬಂದಾಗ ಎದ್ದು ಬರುತ್ತದೆ. ಸೀತೆಯ ದುಃಖದ ಪದ್ಯಕ್ಕೆ ಚಂಡೆ ಸುಮ್ಮನಿದ್ದು ಮದ್ದಳೆಯೊಂದೇ ಮೆಲ್ಲಗೆ ನುಡಿಯುವಾಗ ಗೊಂಬೆಯನ್ನು ನೋಡಿ. ಅದರ ಮುಖ ಕೆತ್ತಿದ ಮರ, ಕಣ್ಣೀರು ಬರುವುದಿಲ್ಲ, ಹುಬ್ಬು ಅಲ್ಲಾಡುವುದಿಲ್ಲ. ತಲೆ ತುಸು ಬಾಗುತ್ತದೆ, ಒಂದು ಕೈ ಎದೆಯ ಹತ್ತಿರ ಬಂದು ನಿಲ್ಲುತ್ತದೆ. ಉಳಿದದ್ದನ್ನೆಲ್ಲ ಭಾಗವತರ ದನಿ ತುಂಬುತ್ತದೆ. ಹಾಡು ಕೇಳಿಸಿಕೊಳ್ಳದೆ ಬರೀ ನೋಡುತ್ತಾ ಕೂತವರಿಗೆ ಗೊಂಬೆಯಾಟ ಬೇಗ ಬೇಸರ ತರಿಸುವುದು ಇದಕ್ಕೇ.

ಪದ್ಯ ಮುಗಿದ ಮೇಲೆ ಮಾತು. ಎರಡು ಮೂರು ಗೊಂಬೆಗಳು ರಂಗದ ಮೇಲಿದ್ದರೆ ಮಾತಾಡುವ ಗೊಂಬೆ ಅಲ್ಲಾಡುತ್ತದೆ, ಉಳಿದವು ಸುಮ್ಮನಿರುತ್ತವೆ. ಮಗುವಿಗೆ ಇದೊಂದನ್ನು ಹೇಳಿಕೊಟ್ಟರೆ ಯಾರು ಯಾರೊಡನೆ ಮಾತಾಡುತ್ತಿದ್ದಾರೆಂದು ತಾನೇ ಹಿಡಿಯುತ್ತದೆ. ಅದಕ್ಕಿಂತ ಹೆಚ್ಚು ವಿವರಣೆ ಬೇಡ. ಆಟದುದ್ದಕ್ಕೂ ಮಗುವಿನ ಕಿವಿಯಲ್ಲಿ ‘ನೋಡು ಪುಟ್ಟಾ, ಈಗ ಬೆಂಕಿ ಹಚ್ಚುತ್ತಾನೆ’ ಎಂದು ಪಿಸುಗುಟ್ಟುವ ಅಪ್ಪಂದಿರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಹೇಳುತ್ತಾರೆ, ನಿಜ. ಆದರೆ ಆ ಬೆಂಕಿಯನ್ನು ಮಗು ತಾನೇ ಕಂಡರೆ ಎಷ್ಟು ಚೆಂದ.

ಮೊಬೈಲಿನ ವಿಷಯ. ಫ್ಲಾಶ್ ಹಾಕಿ ಫೋಟೋ ತೆಗೆಯಲೇಬೇಡಿ. ರಂಗದ ಬೆಳಕನ್ನು ದಾರ ಕಾಣದಂತೆ ಹೊಂದಿಸಿರುತ್ತಾರೆ. ಒಂದು ಫ್ಲಾಶ್ ಹೊಡೆದರೆ ದಾರಗಳೆಲ್ಲ ಮಿಂಚಿ, ಪಕ್ಕದ ಮಗುವಿನ ಪಾಲಿಗೆ ರಾವಣ ಮತ್ತೆ ಗೊಂಬೆಯಾಗುತ್ತಾನೆ. ವಿಡಿಯೋ ಮಾಡುವುದಿದ್ದರೆ ಮಂಡಳಿಯವರನ್ನು ಮೊದಲೇ ಕೇಳಿ. ಬಹಳ ಆಸೆಯಾದರೆ ಆಟ ಮುಗಿದ ಮೇಲೆ ಫೋಟೋ ತೆಗೆದುಕೊಳ್ಳಬಹುದು.

ಹೊಟ್ಟೆಯ ಕಡೆಯೂ ಗಮನವಿರಲಿ. ಈಗಿನ ಪ್ರದರ್ಶನಗಳು ಒಂದೆರಡು ಗಂಟೆಯವು, ರಾತ್ರಿಯಿಡೀ ಕೂರಬೇಕಿಲ್ಲ. ಮಕ್ಕಳಿಗೆ ಮೊದಲೇ ಏನಾದರೂ ತಿನ್ನಿಸಿ ಕರೆತನ್ನಿ. ಚುರುಮುರಿ, ಚಿಪ್ಸಿನ ಪೊಟ್ಟಣ ಒಳಗೆ ಬೇಡ, ಪ್ಲಾಸ್ಟಿಕ್ಕಿನ ಪರಪರ ಸದ್ದು ಮದ್ದಳೆಯ ಮೆಲುನುಡಿಯನ್ನು ನುಂಗಿಬಿಡುತ್ತದೆ.

ಪರದೆಯ ಹಿಂದೆ

ಮುಗಿದ ಕೂಡಲೇ ಎದ್ದು ಓಡಬೇಡಿ. ‘ಗೊಂಬೆಗಳನ್ನು ಹತ್ತಿರದಿಂದ ನೋಡಬಹುದೇ?’ ಎಂದು ವಿನಯದಿಂದ ಕೇಳಿ. ಕಲಾವಿದರು ಬೆವರಿರುತ್ತಾರೆ, ದಣಿದಿರುತ್ತಾರೆ. ಅವರಿಗೆ ನೀರು ಕುಡಿಯುವಷ್ಟು ಹೊತ್ತು ಕೊಟ್ಟು ಆಮೇಲೆ ಮಾತಾಡಿಸಿ.

ಹತ್ತಿರದಿಂದ ನೋಡುವಾಗ ಗೊಂಬೆಯ ಕೀಲುಗಳನ್ನು ಮಗುವಿಗೆ ತೋರಿಸಿ. ಭುಜ, ಮೊಣಕೈ, ಸೊಂಟ, ಮಂಡಿ ಹೀಗೆ ನಮ್ಮ ಮೈ ಮಡಚುವ ಕಡೆಯೆಲ್ಲ ಗೊಂಬೆಯೂ ಮಡಚುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ದಾರ. ಚಲನೆ ಜಟಿಲವಾದರೆ ಒಂದೇ ಗೊಂಬೆಗೆ ಇಬ್ಬರು ಮೂವರು ಕೈ ಹಾಕುವುದೂ ಉಂಟು. ಹಾಗೆ ಇಬ್ಬರು ಸೇರಿ ಒಂದೇ ಮೈಯನ್ನು ಕುಣಿಸಬೇಕಾದರೆ ಇಬ್ಬರಿಗೂ ಒಂದೇ ತಾಳ ಕೇಳಿಸುತ್ತಿರಬೇಕು. ಪದ್ಯ ನಿಂತರೆ ಅವರ ಕೈಗಳಿಗೆ ಗುರುತು ಹಿಡಿಯಲು ಏನೂ ಇರುವುದಿಲ್ಲ. ವೇಷವನ್ನೂ ನೋಡಿ, ತಲೆಗೆ ಎಳೆಯ ವೀರನಿಗೆ ಕೇದಗೆ ಮುಂದಲೆ, ಮತ್ತೊಬ್ಬನಿಗೆ ಮುಂಡಾಸು, ಇನ್ನೊಬ್ಬನಿಗೆ ಕಿರೀಟ. ಎದೆಕಟ್ಟು, ಭುಜಕೀರ್ತಿ ಎಲ್ಲವೂ ಬಯಲಾಟದ ವೇಷಧಾರಿಗೆ ಇದ್ದಂತೆಯೇ, ಅಂಗೈಯಗಲಕ್ಕೆ ಇಳಿದಿರುತ್ತದೆ.

ದಾರವನ್ನು ಮಾತ್ರ ಕೇಳದೆ ಮುಟ್ಟಬೇಡಿ. ಒಂದು ದಾರ ಇನ್ನೊಂದಕ್ಕೆ ಸಿಕ್ಕಿಕೊಂಡರೆ ಬಿಡಿಸಲು ತಾಸುಗಟ್ಟಲೆ ಹಿಡಿಯುತ್ತದೆ. ಮಗುವಿಗೆ ಆಡಿಸುವ ಆಸೆಯಾದರೆ ಅವರನ್ನೇ ಕೇಳಿ. ಮನಸ್ಸು ಬಂದರೆ ಒಂದು ಗೊಂಬೆಯನ್ನು ಮಗುವಿನ ಕೈಗೆ ಕೊಟ್ಟು ಒಂದು ಹೆಜ್ಜೆ ಹಾಕಿಸಿಯಾರು. ನಮ್ಮ ಹುಡುಗಿಗೆ ಆ ಭಾಗ್ಯ ಸಿಕ್ಕಿತ್ತು. ಎರಡೇ ನಿಮಿಷಕ್ಕೆ ‘ಚಿಕ್ಕಮ್ಮ, ಕೈ ನೋಯ್ತಿದೆ’ ಎಂದಳು. ಎರಡು ಗಂಟೆ ಆಡಿಸಿದವರ ತೋಳನ್ನು ಅವಳು ಆಮೇಲೆ ಬಹಳ ಹೊತ್ತು ನೋಡುತ್ತಾ ನಿಂತಿದ್ದಳು.

ದುಡ್ಡಿನ ಮಾತನ್ನೂ ಹೇಳಿಬಿಡುತ್ತೇನೆ. ಟಿಕೆಟ್ ಇದ್ದರೆ ಟಿಕೆಟ್ ಕೊಳ್ಳಿ. ಪ್ರವೇಶ ಉಚಿತ ಎಂದಿದ್ದರೆ, ಒಂದು ಸಿನಿಮಾಕ್ಕೆ ಇಡೀ ಮನೆಯವರು ಹೋದರೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟನ್ನಾದರೂ ಕಾಣಿಕೆಯಾಗಿ ಕೊಟ್ಟು ಬನ್ನಿ. ಗೊಂಬೆ ಕೆತ್ತುವುದು, ಬಣ್ಣ ಬಳಿಯುವುದು, ಬಟ್ಟೆ ಹೊಲಿಯುವುದು, ಹಿಮ್ಮೇಳದವರಿಗೆ ಸಂಭಾವನೆ ಕೊಡುವುದು ಯಾವುದೂ ಪುಕ್ಕಟೆ ಆಗುವುದಿಲ್ಲ.

ಅಷ್ಟು ದೂರ ಹೋಗಲಾಗದಿದ್ದರೆ

ಬೆಂಗಳೂರಿನಲ್ಲಿರುವವರಿಗೆ ಅನುಪಮಾ ಹೊಸ್ಕೆರೆ ಅವರು ಕಟ್ಟಿದ ‘ಧಾತು’ ತಂಡವಿದೆ. ಸೂತ್ರ ಸಲಾಕೆಯ ಮರದ ಗೊಂಬೆಗಳು, ಸಂಗೀತದೊಡನೆ ನಡೆಯುವ ಕಥಾನಕಗಳು. ಅವರು ಗೊಂಬೆಯಾಟದ ಉತ್ಸವಗಳನ್ನೂ ನಡೆಸುತ್ತಾರೆ, ಬೇರೆ ನಾಡಿನ ತಂಡಗಳೂ ಅಲ್ಲಿ ನೋಡಲು ಸಿಗುತ್ತವೆ. ತೊಗಲು ಗೊಂಬೆಗಳನ್ನು ಕಣ್ಣಾರೆ ಕಾಣಬೇಕಾದರೆ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಹೋಗಿ. ಅದನ್ನು ಕಟ್ಟಿದ ಎಂ.ಎಸ್. ನಂಜುಂಡರಾವ್ ಅವರು ಈ ಗೊಂಬೆಗಳನ್ನು ಹುಡುಕಿ ಕಲೆಹಾಕಿದವರು. ಗೋಡೆಗೆ ತೂಗಿದ ಗೊಂಬೆ ಹಾಡುವುದಿಲ್ಲವಾದರೂ, ಆಟ ನೋಡಿ ಬಂದ ಮೇಲೆ ಹೋದರೆ ಅದರ ದನಿ ಕಿವಿಯಲ್ಲಿ ಕೇಳುತ್ತದೆ. ಆದ್ದರಿಂದ ಮೊದಲು ಆಟ ನೋಡಿ, ಪರಿಷತ್ತಿಗೆ ಆಮೇಲೆ ಹೋಗಿ.

ಬೆಂಗಳೂರಿನ ರಂಗಮಂದಿರಗಳಿಗೆ ಹೋಗುವವರು ಹೊತ್ತಿನ ವಿಷಯದಲ್ಲಿ ಇನ್ನಷ್ಟು ಎಚ್ಚರವಾಗಿರಬೇಕು. ಜೆ.ಪಿ. ನಗರದ ರಂಗಶಂಕರ 2004ರಲ್ಲಿ ಶುರುವಾದಾಗಿನಿಂದ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಎಂಬುದಕ್ಕೆ ಹೆಸರಾಗಿದೆ. ಅಂಥ ಕಡೆ ಯಾವ ಆಟವಿದ್ದರೂ ನಗರದ ವಾಹನ ದಟ್ಟಣೆಗೆಂದು ಒಂದು ಗಂಟೆ ಕೈಯಲ್ಲಿಟ್ಟುಕೊಂಡು ಹೊರಡಿ.

ನಿಮ್ಮ ಶಾಲೆಗೋ ಊರ ಜಾತ್ರೆಗೋ ತಂಡವನ್ನೇ ಕರೆಸುವ ಆಸೆಯಿದ್ದರೆ, ಕತ್ತಲು ಮಾಡಬಹುದಾದ ಕೋಣೆ ಇದೆಯೇ ಎಂಬುದನ್ನು ಮೊದಲು ನೋಡಿ. ಹಗಲು ಬೆಳಕಿನ ಶಾಮಿಯಾನದಲ್ಲಿ ಸೂತ್ರದ ಗೊಂಬೆ ಬಡವಾಗುತ್ತದೆ, ತೊಗಲು ಗೊಂಬೆಯಂತೂ ಕಾಣುವುದೇ ಇಲ್ಲ. ಪ್ರೇಕ್ಷಕರು ಇನ್ನೂರು ಮುನ್ನೂರಕ್ಕಿಂತ ಹೆಚ್ಚಾದರೆ ಹಿಂದಿನ ಸಾಲಿಗೆ ಎರಡಡಿಯ ಗೊಂಬೆ ಕಾಣುವುದಿಲ್ಲ, ಎರಡು ಆಟ ಆಡಿಸಿ. ಭಾಗವತರಿಗೆ ಒಂದು, ಮದ್ದಳೆಗೆ ಒಂದು ಒಳ್ಳೆಯ ಮೈಕು ಇರಲಿ, ಚಂಡೆಗೆ ಬೇಕೇ ಎಂದು ಅವರನ್ನೇ ಕೇಳಿ. ಸಂಭಾವನೆಯಲ್ಲಿ ಚೌಕಾಸಿ ಮಾಡಬೇಡಿ. ರಂಗ ಕಟ್ಟಲು ಅವರಿಗೆ ಕೆಲವು ಗಂಟೆ ಬೇಕು, ಆ ಹೊತ್ತಿನಲ್ಲಿ ಅವರ ಊಟ, ವಿಶ್ರಾಂತಿ ನೋಡಿಕೊಳ್ಳುವುದು ಕರೆಸಿದವರ ಹೊಣೆ.

ಮನೆಗೆ ಮರಳಿದ ಮೇಲೆ ಮಗು ಕರವಸ್ತ್ರಕ್ಕೆ ದಾರ ಕಟ್ಟಿ ಕುಣಿಸತೊಡಗಿದರೆ ಬಿಡಿ, ಜೊತೆಗೆ ಒಂದು ಹಾಡು ಹೇಳಿ. ಅದರೆದುರು ನೀವು ಭಾಗವತರಾಗಬೇಕಾಗುತ್ತದೆ. ಅದಕ್ಕೇ, ರಂಗಮಂದಿರದಿಂದ ಹೊರಡುವ ಮುನ್ನ ಆ ದಿನ ಹಾಡಿದ ಪದ್ಯಗಳಲ್ಲಿ ನಿಮಗೆ ಹಿಡಿಸಿದ ಒಂದರ ಮೊದಲ ಸಾಲನ್ನು ಭಾಗವತರ ಬಳಿ ಕೇಳಿ ಬರೆದುಕೊಳ್ಳಿ. ಮುಂದಿನ ಆಟ ಯಾವತ್ತು, ಯಾವ ಪ್ರಸಂಗ ಎಂಬುದನ್ನೂ ಅಲ್ಲೇ ಕೇಳಿಕೊಂಡು ಬನ್ನಿ.